ಹದಿನೆಂಟು ತುಂಬಿದ ಮೇಲೂ ಹಿಡಿಯಬೇಕಾದ ಕೈ

ನಾನು ಬ್ಯಾಂಕಿನಲ್ಲಿದ್ದ ಕಾಲದಲ್ಲಿ ಮಕ್ಕಳ ಹೆಸರಿನ ಖಾತೆಗೆ ಒಂದು ನಿಯಮವಿತ್ತು. ಮಗುವಿಗೆ 18 ತುಂಬುವವರೆಗೆ ಅಪ್ಪನೋ ಅಮ್ಮನೋ ಸಹಿ ಹಾಕಿ ವ್ಯವಹಾರ ಮಾಡಬಹುದು. 18 ತುಂಬಿತೆಂದರೆ ಆ ಸಹಿ ನಡೆಯದು. ಮಗ ಅಥವಾ ಮಗಳೇ ಕೌಂಟರಿಗೆ ಬಂದು, ಫೋಟೊ ಕೊಟ್ಟು, ತನ್ನ ಸಹಿಯ ಮಾದರಿ ಕೊಡಬೇಕು. ಅಂಥ ಫಾರಂಗಳನ್ನು ಎಷ್ಟು ತುಂಬಿಸಿದ್ದೇನೋ ಲೆಕ್ಕವಿಲ್ಲ. ಅದುವರೆಗೆ ಖಾತೆಯ ಯಜಮಾನರಂತಿದ್ದ ಅಪ್ಪ, ಅಂದು ಪಕ್ಕಕ್ಕೆ ಸರಿದು ಮಗಳು ಸಹಿ ಹಾಕುವುದನ್ನು ನೋಡುತ್ತ ನಿಲ್ಲುತ್ತಿದ್ದರು.

ಆಸ್ಪತ್ರೆಯಲ್ಲೂ ಹೀಗೆಯೇ. 18 ತುಂಬಿದವರ ಚಿಕಿತ್ಸೆಗೆ ಒಪ್ಪಿಗೆಯ ಸಹಿ ಅವರದೇ. ಆದರೆ ಕಾಯಿಲೆ ಲ್ಯುಕೇಮಿಯ, ಅಂದರೆ ರಕ್ತದ ಕ್ಯಾನ್ಸರ್ ಆಗಿದ್ದರೆ? ರೋಗಿ ಡಿಗ್ರಿ ಓದುತ್ತಿರುವ ಮಗಳಾಗಿದ್ದರೆ? ಅಪ್ಪ ಅಮ್ಮ ಎಲ್ಲಿ ನಿಲ್ಲಬೇಕು? ಎಲ್ಲವನ್ನೂ ತಾವೇ ಕೈಗೆತ್ತಿಕೊಳ್ಳಬೇಕೆ? ಅಥವಾ ದೊಡ್ಡವಳಾದಳು, ಅವಳೇ ನೋಡಿಕೊಳ್ಳಲಿ ಎಂದು ಬಿಡಬೇಕೆ?

ನಮ್ಮ ಬಸವೇಶ್ವರನಗರದ ಒಂದು ಮನೆಗೆ ಈ ಪ್ರಶ್ನೆ ಬಂದಿತ್ತು. ಹೆಸರು ಬೇಡ. ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಎರಡೂವರೆ ವರ್ಷ ಆ ಮನೆಯವರು ನಡೆದುಕೊಂಡ ರೀತಿಯನ್ನು ಹತ್ತಿರದಿಂದ ನೋಡಿದ್ದೇನೆ. ಜೊತೆಗೆ ಈ ಕಾಯಿಲೆಯ ಔಷಧಗಳ ಕಥೆಯನ್ನೂ ಓದಿದೆ. ಎರಡನ್ನೂ ಸೇರಿಸಿ ಅಜ್ಜ ಅಜ್ಜಿಯರ ಮುಂದೆ, ಮೊಮ್ಮಕ್ಕಳ ಮುಂದೆ ಇಡುತ್ತಿದ್ದೇನೆ.

ಮೂಳೆಯೊಳಗಿನ ಕಾರ್ಖಾನೆ

ಮಕ್ಕಳೇ, ಮೊದಲು ಕಾಯಿಲೆ ಏನೆಂದು ತಿಳಿಯೋಣ. ನಮ್ಮ ಮೂಳೆಗಳ ಒಳಗೆ ಅಸ್ಥಿಮಜ್ಜೆ ಎಂಬ ಮೆತ್ತನೆಯ ಪದಾರ್ಥವಿದೆ. ರಕ್ತಕಣಗಳ ಕಾರ್ಖಾನೆ ಅದು. ಅಲ್ಲಿ ಮೂರು ಬಗೆಯ ಕಣಗಳು ತಯಾರಾಗುತ್ತವೆ. ಆಮ್ಲಜನಕ ಹೊರುವ ಕೆಂಪು ಕಣ, ರೋಗಾಣುಗಳೊಡನೆ ಹೋರಾಡುವ ಬಿಳಿ ಕಣ, ಗಾಯವಾದಾಗ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್‌ನದು 8ರಿಂದ 10 ದಿನ ಮಾತ್ರ. ಹಾಗಾಗಿ ಈ ಕಾರ್ಖಾನೆಗೆ ಭಾನುವಾರದ ರಜೆಯೂ ಇಲ್ಲ.

ಲ್ಯುಕೇಮಿಯದಲ್ಲಿ ಬಲಿಯದ ಬಿಳಿ ಕಣಗಳು ಲೆಕ್ಕವಿಲ್ಲದೆ ಹುಟ್ಟಿ ಜಾಗವೆಲ್ಲ ತುಂಬಿಬಿಡುತ್ತವೆ. ಕೆಲಸಕ್ಕೆ ಬರುವ ಕಣಗಳಿಗೆ ಅಲ್ಲಿ ಜಾಗವೇ ಇಲ್ಲದಾಗುತ್ತದೆ. ಕೆಂಪು ಕಣ ಕಡಿಮೆಯಾಗಿ ಸುಸ್ತು, ಮುಖ ಬಿಳಿಚಿಕೊಳ್ಳುವುದು. ಒಳ್ಳೆಯ ಬಿಳಿ ಕಣ ಇಲ್ಲದೆ ಪದೇ ಪದೇ ಜ್ವರ. ಪ್ಲೇಟ್‌ಲೆಟ್ ಇಳಿದು ಒಸಡಿನಲ್ಲಿ ರಕ್ತ, ಪೆಟ್ಟು ಬೀಳದೆಯೂ ಮೈಮೇಲೆ ನೀಲಿ ಕಲೆ. ಕೆಲವರಿಗೆ ಮೂಳೆ ನೋವು. ಆ ಹುಡುಗಿಯ ಸುಸ್ತನ್ನು ಮನೆಯವರು ಮೊದಲು ಪರೀಕ್ಷೆಯ ಓದಿನ ಆಯಾಸವೆಂದುಕೊಂಡಿದ್ದರು. ರಕ್ತಪರೀಕ್ಷೆ ಮಾಡಿಸಿದ ಮೇಲೆ ನಿಜ ತಿಳಿಯಿತು.

ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಪಕ್ಕದಲ್ಲಿ ಮಲಗಿದರೂ ಬರುವುದಿಲ್ಲ. ಯಾರ ಪಾಪದಿಂದಲೂ ಬಂದದ್ದಲ್ಲ, ಯಾರ ದೃಷ್ಟಿಯಿಂದಲೂ ಅಲ್ಲ. ಮನೆಯ ಹಿರಿಯರು ಈ ಮಾತನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಿದರೆ, ಎಷ್ಟೋ ತಾಯಂದಿರ ಎದೆಯ ಭಾರ ಇಳಿಯುತ್ತದೆ.

ಒಂದು ಮಾತ್ರೆಯ ಹಿಂದಿನ ಕಥೆ

ಈ ಕಾಯಿಲೆಯಲ್ಲಿ ಹಲವು ಬಗೆಗಳಿವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯ. ಕಾಲೇಜು ವಯಸ್ಸಿನವರಿಗೂ ಬರುತ್ತದೆ. ಎಂಬತ್ತು ವರ್ಷಗಳ ಹಿಂದೆ ಇದು ಬಂದ ಮಕ್ಕಳು ಕೆಲವೇ ವಾರ, ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದರು. ಔಷಧವೇ ಇರಲಿಲ್ಲ.

ಬಾಗಿಲು ಮೊದಲು ತೆರೆದದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. ಅಲ್ಲಿನ ವೈದ್ಯ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧ ಕೊಟ್ಟು, 10 ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಇಳಿದದ್ದನ್ನು 1948ರಲ್ಲಿ ಪ್ರಕಟಿಸಿದರು. ಆ ಔಷಧ ತಯಾರಾದದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಮ್ಲ ಎಂಬ ಜೀವಸತ್ವ ಜೀವಕೋಶಗಳು ಬೆಳೆಯಲು ಬೇಕು. ಅದನ್ನೇ ಹೋಲುವ, ಆದರೆ ಬೆಳೆಯಲು ಬಿಡದ ವಸ್ತುಗಳನ್ನು ಅವರ ತಂಡ ತಯಾರಿಸಿತು. ಅವುಗಳಲ್ಲಿ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಂದು ಕಥೆ ಅಜ್ಜ ಮೊಮ್ಮಗಳದು. ನ್ಯೂಯಾರ್ಕ್‌ನಲ್ಲಿ ಗರ್ಟ್ರೂಡ್ ಎಲಿಯನ್ ಎಂಬ ಹುಡುಗಿ ಇದ್ದಳು. ಅವಳಿಗೆ 15 ವರ್ಷವಾಗಿದ್ದಾಗ ಪ್ರೀತಿಯ ಅಜ್ಜ ಹೊಟ್ಟೆಯ ಕ್ಯಾನ್ಸರ್‌ನಿಂದ ನರಳಿ ತೀರಿಕೊಂಡರು. ಈ ರೋಗಕ್ಕೆ ಔಷಧ ಹುಡುಕಬೇಕೆಂದು ಅವಳು ರಸಾಯನಶಾಸ್ತ್ರ ಓದಿದಳು. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಕೆಲಸ ಸಿಗುವುದೇ ಕಷ್ಟವಾಗಿತ್ತು. ಕೊನೆಗೆ ಜಾರ್ಜ್ ಹಿಚಿಂಗ್ಸ್ ಅವರ ಜೊತೆ ಕೆಲಸ ಮಾಡಿ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧ ಕಂಡುಹಿಡಿದರು. 1953ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1988ರಲ್ಲಿ ಎಲಿಯನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಮೂರನೆಯದು ನಮ್ಮ ಕಾಂಪೌಂಡಿನಲ್ಲೇ ಇದೆ. ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳ ಮುಂದೆ ನಿತ್ಯಪುಷ್ಪದ ಗಿಡ ನೋಡಿದ್ದೀರಲ್ಲ? ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂ. ಆ ಗಿಡದಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟೀನ್ 1960ರ ದಶಕದಿಂದ ಲ್ಯುಕೇಮಿಯ ಚಿಕಿತ್ಸೆಯ ಮುಖ್ಯ ಚುಚ್ಚುಮದ್ದು. ಹಾಗೆಂದು ಎಲೆ ಕಿತ್ತು ಕಷಾಯ ಮಾಡಬೇಡಿ. ಗಿಡ ವಿಷಕಾರಿ. ಕಾರ್ಖಾನೆಯಲ್ಲಿ ಶುದ್ಧಗೊಳಿಸಿ, ತೂಕಕ್ಕೆ ತಕ್ಕಂತೆ ಅಳೆದು, ರಕ್ತನಾಳಕ್ಕೆ ಕೊಟ್ಟಾಗ ಮಾತ್ರ ಅದು ಔಷಧ.

ಇಂಥ ಔಷಧಗಳನ್ನು ಒಂದರ ಜೊತೆ ಒಂದು ಸೇರಿಸಿ ಕೊಡುವ ಕ್ರಮ ಬಂದ ಮೇಲೆ ಚಿತ್ರ ಬದಲಾಯಿತು. ಒಳ್ಳೆಯ ಸೌಲಭ್ಯವಿರುವ ದೇಶಗಳಲ್ಲಿ ಈ ಬಗೆಯ ಲ್ಯುಕೇಮಿಯ ಬಂದ 100 ಮಕ್ಕಳಲ್ಲಿ ಸುಮಾರು 90 ಮಂದಿ ಬದುಕುಳಿಯುತ್ತಾರೆ.

ಹದಿನಾರರಿಂದ ಇಪ್ಪತ್ತರ ಲೆಕ್ಕ

ಕಾಲೇಜು ವಯಸ್ಸಿನವರ ಕಥೆ ಸ್ವಲ್ಪ ಬೇರೆ. 16ರಿಂದ 20 ವಯಸ್ಸಿನ 321 ರೋಗಿಗಳ ದಾಖಲೆಗಳನ್ನು ಅಮೆರಿಕದ ವೈದ್ಯರು ಹೋಲಿಸಿ 2008ರಲ್ಲಿ ಒಂದು ವರದಿ ಕೊಟ್ಟರು. ವಯಸ್ಸು ಒಂದೇ, ಕಾಯಿಲೆ ಒಂದೇ. ಕೆಲವರು ಮಕ್ಕಳ ವೈದ್ಯರ ಚಿಕಿತ್ಸಾ ಕ್ರಮಕ್ಕೆ ಸೇರಿದ್ದರು, ಕೆಲವರು ದೊಡ್ಡವರ ಕ್ರಮಕ್ಕೆ. ಏಳು ವರ್ಷದ ನಂತರ ಕಾಯಿಲೆ ಮರಳದೆ ಚೆನ್ನಾಗಿದ್ದವರು ಮಕ್ಕಳ ಕ್ರಮದಲ್ಲಿ 100ಕ್ಕೆ 63, ದೊಡ್ಡವರ ಕ್ರಮದಲ್ಲಿ 100ಕ್ಕೆ 34. ಔಷಧಗಳ ಪ್ರಮಾಣ ಮತ್ತು ಹೊತ್ತಿನಲ್ಲಿದ್ದ ವ್ಯತ್ಯಾಸ ಮುಖ್ಯ ಕಾರಣವೆಂದು ತಿಳಿದರು. ಮಕ್ಕಳ ವಿಭಾಗದಲ್ಲಿ ಅಪ್ಪ ಅಮ್ಮ ಬೆನ್ನಿಗೆ ನಿಂತು ತಪ್ಪದೆ ಚಿಕಿತ್ಸೆ ಕೊಡಿಸುವುದೂ ಒಂದು ಕಾರಣವಿರಬಹುದೆಂಬ ಚರ್ಚೆ ನಡೆಯಿತು. ಈಗ ಕಾಲೇಜು ವಯಸ್ಸಿನವರಿಗೂ ಮಕ್ಕಳ ಮಾದರಿಯ ಕ್ರಮವನ್ನೇ ಅನುಸರಿಸುವುದು ಹೆಚ್ಚಿದೆ. ಮಗನಿಗೋ ಮಗಳಿಗೋ ಯಾವ ಕ್ರಮ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಚಿಕಿತ್ಸೆಯ ಮೊದಲ ಘಟ್ಟ ಸುಮಾರು ಒಂದು ತಿಂಗಳು. ಅದು ಮುಗಿದಾಗ ಎಷ್ಟೋ ಜನರ ವರದಿಯಲ್ಲಿ ಕ್ಯಾನ್ಸರ್ ಕಣ ಕಾಣುವುದಿಲ್ಲ. ಮನೆಯಲ್ಲಿ ಹಬ್ಬದ ಸಂತೋಷ. ಆದರೆ ಕಾಣುವುದಿಲ್ಲ ಎಂದರೆ ಇಲ್ಲ ಎಂದಲ್ಲ. ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಕಣಗಳು ಅಡಗಿರುತ್ತವೆ. ಅದಕ್ಕೇ ಮುಂದೆ ಹಲವು ತಿಂಗಳ ಚುಚ್ಚುಮದ್ದು. ಆಮೇಲೆ ಒಂದೂವರೆ, ಎರಡು ವರ್ಷ ಮನೆಯಲ್ಲೇ ಮಾತ್ರೆ. ಪ್ರತಿದಿನ ಎಲಿಯನ್ ಅವರ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಸುಬ್ಬರಾವ್ ತಂಡದ ಮೆಥೊಟ್ರೆಕ್ಸೇಟ್.

ಕಷ್ಟ ಇಲ್ಲೇ. ಹೊತ್ತಿಗೆ ಕೂದಲು ಮತ್ತೆ ಬಂದಿರುತ್ತದೆ. ಊಟ ರುಚಿಸುತ್ತದೆ, ಕಾಲೇಜಿಗೆ ಹೋಗುತ್ತಾರೆ. ಚೆನ್ನಾಗಿರುವಾಗ ಮಾತ್ರೆ ಏಕೆ ಎನಿಸುತ್ತದೆ. ಸ್ನೇಹಿತರ ಮನೆಯಲ್ಲಿ ಉಳಿದ ರಾತ್ರಿ ಮರೆತೇಹೋಗುತ್ತದೆ. ಅಮೆರಿಕದಲ್ಲಿ ಡಾ. ಸ್ಮಿತಾ ಭಾಟಿಯಾ ಮತ್ತು ಸಂಗಡಿಗರು ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಚಿಪ್ ಅಳವಡಿಸಿ, ಅದು ಯಾವ ದಿನ ತೆರೆಯಿತು ಎಂಬ ಲೆಕ್ಕ ಇಟ್ಟರು. 100 ಮಾತ್ರೆಗಳಲ್ಲಿ ಐದಕ್ಕಿಂತ ಹೆಚ್ಚು ತಪ್ಪಿಸಿದವರಿಗೆ ಕಾಯಿಲೆ ಮರಳುವ ಅಪಾಯ ಬಹಳ ಹೆಚ್ಚು ಎಂದು 2012ರಲ್ಲಿ ಹೇಳಿದರು. ಚಿಕ್ಕ ಮಕ್ಕಳಿಗಿಂತ ಹದಿಹರೆಯದವರೇ ಹೆಚ್ಚು ತಪ್ಪಿಸುತ್ತಿದ್ದರು. ಕಾರಣ ಸರಳ. ಚಿಕ್ಕವರಿಗೆ ಅಮ್ಮ ಬಾಯಿಗೆ ಹಾಕುತ್ತಾರೆ. ದೊಡ್ಡವರು ತಾವೇ ನೆನಪಿಟ್ಟುಕೊಳ್ಳಬೇಕು.

ಪಕ್ಕದ ಮನೆಯ ಪಾಠ

ಆ ಹುಡುಗಿಯ ಅಪ್ಪ ಮೊದಮೊದಲು ಎಲ್ಲವನ್ನೂ ತಾವೇ ಮಾಡುತ್ತಿದ್ದರು. ವೈದ್ಯರು "ಹೇಗಿದ್ದೀಯಮ್ಮ?" ಎಂದರೆ ಉತ್ತರ ಕೊಡುವವರು ಅಪ್ಪ. ಒಂದು ದಿನ ಮಗಳು ಮೆಲ್ಲಗೆ, "ಅಪ್ಪಾ, ನನಗೆ ಹೇಗಿದೆ ಅಂತ ನಾನೇ ಹೇಳ್ತೀನಿ" ಎಂದಳಂತೆ. ಅವರು ಅದನ್ನು ಮನಸ್ಸಿಗೆ ತಂದುಕೊಂಡರು. ಅಂದಿನಿಂದ ವೈದ್ಯರ ಕೋಣೆಯಲ್ಲಿ ಮೊದಲ ಮಾತು ಮಗಳದು. ಕೊನೆಯ ಐದು ನಿಮಿಷ ಅಪ್ಪ ಹೊರಗೆ. ಕೂದಲು, ಓದು, ಮುಂದೆ ಮದುವೆ, ಮಕ್ಕಳು ಇಂಥ ಪ್ರಶ್ನೆಗಳನ್ನು ಅಪ್ಪನ ಎದುರು ಕೇಳುವುದು ಯಾವ ಹುಡುಗಿಗೂ ಸುಲಭವಲ್ಲ. ಕೆಲವು ಔಷಧಗಳು ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಮಾಡಬಹುದಾದ್ದರಿಂದ ಆ ಮಾತು ಚಿಕಿತ್ಸೆಗೆ ಮುಂಚೆಯೇ ಆಗಬೇಕು.

ಹಾಗಾದರೆ ಅಪ್ಪನ ಕೆಲಸವೇನು? ಕಾಗದ ಪತ್ರ, ಹಣ, ಓಡಾಟ, ಥರ್ಮಾಮೀಟರ್. ಇವು ಸಣ್ಣ ಕೆಲಸಗಳಲ್ಲ.

ಕಾಗದದ ವಿಷಯ ನನಗೆ ಗೊತ್ತಿರುವುದು. ಒಂದೇ ಫೈಲ್ ಇರಲಿ. ರಕ್ತಪರೀಕ್ಷೆಯ ವರದಿಗಳು ತಾರೀಖಿನ ಪ್ರಕಾರ, ಬಿಲ್ಲುಗಳು ಬೇರೆ ಲಕೋಟೆಯಲ್ಲಿ, ರೇಷನ್ ಕಾರ್ಡ್ ಮತ್ತು ಆಧಾರ್‌ನ ನಕಲುಗಳು ಐದೈದು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪರೀಕ್ಷೆಯ ಹಿಮೊಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಅಂಕಿ. ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಆ ಪುಸ್ತಕ ಮಾತಾಡುತ್ತದೆ.

ಹಣದ ವಿಷಯ. ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾದದ್ದು. ನಾಡಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಾಲಕ್ಕೆ ಕೈ ಹಾಕುವ ಮುಂಚೆ, ಒಡವೆ ಅಡ ಇಡುವ ಮುಂಚೆ, ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ವಿಚಾರಿಸಿ.

ಥರ್ಮಾಮೀಟರ್ ಎಲ್ಲಕ್ಕಿಂತ ಮುಖ್ಯ. ಬಿಳಿ ಕಣ ಇಳಿದಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮನೆಯಲ್ಲೇ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು. ಈ ಅಪ್ಪ ಪರಿಚಯದ ಆಟೊ ಚಾಲಕರಿಬ್ಬರ ನಂಬರ್ ಗೋಡೆಗೆ ಅಂಟಿಸಿದ್ದರು. ಎರಡು ಸಲ ಉಪಯೋಗಕ್ಕೂ ಬಂತು.

ಕಾಲೇಜಿನ ವಿಷಯದಲ್ಲಿ ನಿರ್ಧಾರ ಮಗಳಿಗೆ ಬಿಟ್ಟರು. ಒಂದು ವರ್ಷ ಹೋಗಲಿ ಎಂದು ಅವಳೇ ತೀರ್ಮಾನಿಸಿದಳು. ವೈದ್ಯರ ಪತ್ರ ತೆಗೆದುಕೊಂಡು ಪ್ರಾಂಶುಪಾಲರನ್ನು ಕಂಡು ಬಂದದ್ದು ಮಾತ್ರ ಅಪ್ಪ. ಗೆಳತಿಯರು ತಮ್ಮ ನೋಟ್ಸ್ ಕಳಿಸುತ್ತಿದ್ದರು. ಅವಳು ಎಲ್ಲವನ್ನೂ ಓದಿದಳೋ ಇಲ್ಲವೋ, ನೋಟ್ಸ್ ಬರುತ್ತಿತ್ತೆಂಬುದೇ ಅವಳಿಗೆ ಧೈರ್ಯ.

ಅಜ್ಜ ಅಜ್ಜಿಗೆ, ತಮ್ಮ ತಂಗಿಗೆ

ನಮ್ಮ ವಯಸ್ಸಿನವರಿಗೆ ಆತುರ ಹೆಚ್ಚು. ಯಾರೋ ಹೇಳಿದ ಸೊಪ್ಪಿನ ರಸ, ಇನ್ನಾರೋ ಕೊಟ್ಟ ಟಾನಿಕ್ ತಂದುಬಿಡುತ್ತೇವೆ. ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವುದೇ ಮೆಥೊಟ್ರೆಕ್ಸೇಟ್‌ನ ಉದ್ದೇಶ ಎಂದೆನಲ್ಲ. ವೈದ್ಯರನ್ನು ಕೇಳದೆ ಅದೇ ಫೋಲಿಕ್ ಆಮ್ಲವಿರುವ ಟಾನಿಕ್ ಕುಡಿಸಿದರೆ ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಬಿಚ್ಚಿದಂತೆ. ಬಿಸಿಬಿಸಿಯಾಗಿ ಆಗಷ್ಟೇ ಮಾಡಿದ ಅನ್ನ ಸಾರು, ಇಡ್ಲಿ, ಕುದಿಸಿ ಆರಿಸಿದ ನೀರು, ತೊಳೆದು ಸಿಪ್ಪೆ ಸುಲಿದ ಹಣ್ಣು ಸಾಕು. ತಂಗಳು ಬೇಡ, ಬೀದಿಬದಿಯ ಪಾನಿಪುರಿ ಸದ್ಯಕ್ಕೆ ಬೇಡ.

ಇನ್ನೊಂದು ಮಾತು. ನೋಡಲು ಹೋದಾಗ "ಅಯ್ಯೋ, ಹೇಗಿದ್ದ ಹುಡುಗಿ ಹೇಗಾದಳು" ಎನ್ನಬೇಡಿ. ಆ ಮನೆಯ ಅಜ್ಜಿ ದಿನಾ ಸಂಜೆ ಮೊಮ್ಮಗಳ ಜೊತೆ ಚೌಕಾಬಾರ ಆಡುತ್ತಿದ್ದರು. ಕವಡೆಗಳನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸುವುದು ತಮ್ಮನ ಕೆಲಸ. ಕಾಯಿಲೆಯ ಮಾತು ಆ ಒಂದು ಗಂಟೆ ಇರುತ್ತಿರಲಿಲ್ಲ.

ತಮ್ಮ ತಂಗಿಯರನ್ನು ಮನೆಯವರು ಮರೆತುಬಿಡುವುದುಂಟು. ಎಲ್ಲರೂ ಆಸ್ಪತ್ರೆಯಲ್ಲಿ, ಇವರಿಗೆ ಊಟ ಯಾರದೋ ಮನೆಯಲ್ಲಿ. ಶಾಲೆಯಿಂದ ಕರೆತರುವುದು, ಹೋಂವರ್ಕ್ ನೋಡುವುದು, ಏನಾಗುತ್ತಿದೆಯೆಂದು ನಿಜ ಹೇಳುವುದು ಅಜ್ಜ ಅಜ್ಜಿ ಮಾಡಬಹುದಾದ ದೊಡ್ಡ ಸಹಾಯ. ಮಕ್ಕಳೇ, ನಿಮ್ಮ ಪಾಲಿನದೂ ಇದೆ. ಅಕ್ಕನ ಹತ್ತಿರ ಹೋಗುವ ಮುಂಚೆ ಕೈ ತೊಳೆಯಿರಿ. ನೆಗಡಿ ಇದ್ದರೆ ದೂರದಿಂದಲೇ ಕೈ ಬೀಸಿ. ಅಸ್ಥಿಮಜ್ಜೆಯ ಕಸಿ ಬೇಕಾದರೆ ಒಡಹುಟ್ಟಿದವರದು ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ಅದು ನಿಮ್ಮ ತಪ್ಪಲ್ಲ.

ಬೀದಿಯ ಯುವಕರಿಗೂ ಕೆಲಸವಿದೆ. ದಾನವಾಗಿ ಬಂದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಹಾಗಾಗಿ ಒಂದೇ ದಿನ ಐವತ್ತು ಜನ ಬರುವುದಕ್ಕಿಂತ ವಾರವಾರ ಇಬ್ಬಿಬ್ಬರು ಬರುವುದು ಮೇಲು. 18ರಿಂದ 65 ವಯಸ್ಸಿನ, ಕನಿಷ್ಠ 45 ಕಿಲೋ ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ಕೊಡುವವರ ತೂಕ ಇನ್ನೂ ಸ್ವಲ್ಪ ಹೆಚ್ಚಿರಬೇಕು. ನನ್ನಂಥವರ ರಕ್ತ ಈಗ ಬೇಡ. ಆದರೆ ಯಾರು ಯಾವ ವಾರ ಎಂಬ ಪಟ್ಟಿ ಮಾಡಿ ಫೋನ್ ಮಾಡಲು ವಯಸ್ಸಿನ ಅಡ್ಡಿಯಿಲ್ಲ. ಆ ಪಟ್ಟಿ ನಾನೇ ಇಟ್ಟುಕೊಂಡಿದ್ದೆ.

ಈಜುಕೊಳಕ್ಕೆ ಮರಳಿದವಳು

ಜಪಾನಿನ ಈಜುಗಾರ್ತಿ ರಿಕಾಕೊ ಇಕೀ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಆರು ಚಿನ್ನ ಗೆದ್ದಳು. ಮರುವರ್ಷ ಫೆಬ್ರುವರಿಯಲ್ಲಿ, 18ನೇ ವಯಸ್ಸಿನಲ್ಲಿ, ಲ್ಯುಕೇಮಿಯ ಎಂದು ತಿಳಿಯಿತು. ವಿಶ್ವವಿದ್ಯಾಲಯಕ್ಕೆ ಸೇರಬೇಕಿದ್ದ ವರ್ಷ ಅದು. ಸುಮಾರು ಹತ್ತು ತಿಂಗಳು ಆಸ್ಪತ್ರೆ, ಕಸಿ ಚಿಕಿತ್ಸೆ. 2019ರ ಡಿಸೆಂಬರ್‌ನಲ್ಲಿ ಮನೆಗೆ ಬಂದಳು. 2021ರ ಏಪ್ರಿಲ್‌ನಲ್ಲಿ ಜಪಾನಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ 100 ಮೀಟರ್ ಬಟರ್‌ಫ್ಲೈ ಗೆದ್ದು ಅತ್ತಳು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಮತ್ತೆ 2024ರಲ್ಲಿ ಪ್ಯಾರಿಸ್‌ನಲ್ಲಿ ಈಜಿದಳು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಗಳಲ್ಲೂ ಕೆಲವೊಮ್ಮೆ ಕಾಯಿಲೆ ಮರಳುತ್ತದೆ. ಅದಕ್ಕೆ ಅಪ್ಪ ಅಮ್ಮನನ್ನು ದೂರುವುದು ಅನ್ಯಾಯ. ನಮ್ಮ ಕೈಯಲ್ಲಿರುವುದು ನಮ್ಮ ಕೈಯಲ್ಲಿರುವಷ್ಟು ಮಾತ್ರ. ಅದರಲ್ಲಿ ಮಾತ್ರೆಯೂ ಒಂದು.

ಆ ಮನೆಯ ಫ್ರಿಜ್ ಪಕ್ಕ ಒಂದು ಕ್ಯಾಲೆಂಡರ್ ಇತ್ತು. ವಾರದ ಮಾತ್ರೆಯ ದಿನಕ್ಕೆ ಕೆಂಪು ಶಾಯಿಯ ಸುತ್ತು. ವಾರದ ಆ ಮಾತ್ರೆಯನ್ನು ಮರೆತು ದಿನವೂ ನುಂಗಿದರೆ ಜೀವಕ್ಕೇ ಅಪಾಯ, ಅದಕ್ಕಾಗಿ ಅದರ ಡಬ್ಬಿಯೇ ಬೇರೆ. ರಾತ್ರಿ ಮಗಳ ಫೋನಿನಲ್ಲಿ ಅಲಾರಂ. ಅವಳೇ ಎದ್ದು, ಮಾತ್ರೆ ನುಂಗಿ, ತಾರೀಖಿನ ಮೇಲೆ ತಾನೇ ಗೀಟು ಹಾಕುತ್ತಿದ್ದಳು. ಅಪ್ಪ ಮಲಗುವ ಮುಂಚೆ ಕ್ಯಾಲೆಂಡರ್ ಕಡೆ ಒಮ್ಮೆ ನೋಡುತ್ತಿದ್ದರು. ಗೀಟು ಇದ್ದರೆ ಮಾತಿಲ್ಲ. ಇಲ್ಲದಿದ್ದರೆ "ಏನಮ್ಮಾ, ಮಲಗಿದ್ಯಾ?" ಎಂದಷ್ಟೇ ಕೇಳುತ್ತಿದ್ದರು. ಅವಳಿಗೆ ಅರ್ಥವಾಗುತ್ತಿತ್ತು.

ಅವಳು ಈಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ. ಮಾತ್ರೆ ನಿಂತಿದೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಇದೆ, ಅದಕ್ಕೆ ಒಬ್ಬಳೇ ಹೋಗಿ ಬರುತ್ತಾಳೆ.